ದೋಣಿಯಲ್ಲಿ ರಾಹುಕಾಲ

ಇವತ್ತು ಬೆಳಿಗ್ಗೆ ಕ್ಲಿನಿಕ್ಕಿನಿಂದ ಫೋನ್ ಬಂತು. ಕಳೆದ ತಿಂಗಳು ಎದೆಯ ತಪಾಸಣೆಗೆ ಹೋಗಿದ್ದೆ. ಅದರ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಸ್ಪಷ್ಟವಿಲ್ಲವಂತೆ, ಇನ್ನೊಮ್ಮೆ ಬಂದು ತೋರಿಸಿಕೊಳ್ಳಬೇಕಂತೆ. ಹೆಚ್ಚಾಗಿ ಏನೂ ಇರುವುದಿಲ್ಲ, ಸುಮ್ಮನೆ ಒಂದು ಸಲ ನೋಡಿಬಿಡೋಣ ಎಂದು ಆ ಹುಡುಗಿ ಎಷ್ಟು ನಯವಾಗಿ ಹೇಳುತ್ತಾಳೆಂದರೆ, ಏನೂ ಇಲ್ಲದಿದ್ದರೆ ಇಷ್ಟು ನಯ ಯಾಕೆ ಬೇಕಿತ್ತು ಎಂದು ನನಗೆ ಅನುಮಾನ. ಇದು ಅವಳ ಮೂರನೆಯ ಫೋನ್. ಮೊದಲ ಸಲ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ ಎಂದಿದ್ದೆ. ಎರಡನೆಯ ಸಲ ಕಾರು ಸರ್ವೀಸಿಗೆ ಹೋಗಿದೆ ಎಂದಿದ್ದೆ. ಅಮೆರಿಕದ ಈ ನಮ್ಮ ಸಮಾಮಿಶ್ ಊರಿನಲ್ಲಿ ಕಾರಿಲ್ಲ ಎಂದರೆ ಕಾಲಿಲ್ಲ ಎಂದ ಹಾಗೆ, ಯಾರೂ ಮರುಮಾತಾಡುವುದಿಲ್ಲ. ಇವತ್ತು, ಬರುವ ಸೋಮವಾರ ಬೆಳಿಗ್ಗೆ ಏಳೂವರೆಗೆ ಬಿಡುವಿದೆ ಎಂದಳು. ನೋಡಿ ಹೇಳುತ್ತೇನೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಫೋನ್ ಕೆಳಗಿಟ್ಟೆ.

ಅಮ್ಮ ಊಟದ ಮೇಜಿನ ಮೇಲೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಯಾರೇ ಅದು?"

"ಕ್ಲಿನಿಕ್ಕಿಂದ ಕಣಮ್ಮ. ಸೋಮವಾರ ಏಳೂವರೆಗೆ ಬನ್ನಿ ಅಂತಾರೆ. ರಾಹುಕಾಲ ಅಲ್ವಾ, ಬೇಡ ಅಂದೆ," ಎಂದು ನಕ್ಕೆ.

ತಮಾಷೆಗೆ ಅಂದದ್ದು. ರಾಹುಕೇತುಗಳನ್ನು ನಾನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ಆದರೆ ಅಮ್ಮ ನಗಲಿಲ್ಲ. ಸೊಪ್ಪನ್ನು ಅರ್ಧಕ್ಕೇ ಬಿಟ್ಟು, ಕೈ ತೊಳೆದುಕೊಂಡು, ತನ್ನ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವ ಪೈಕಿಯಲ್ಲ ಅವಳು. ಆಗ ನನ್ನ ತಲೆಗೆ ಹೊಳೆಯಿತು, ನಾನು ಎಂಥ ಮಾತು ಆಡಿಬಿಟ್ಟೆ ಅಂತ.

ಯಾಕೆ ಎಂದು ನಿಮಗೆ ತಿಳಿಯಬೇಕಾದರೆ ಎರಡು ವರ್ಷದ ಹಿಂದೆ ನಾವು ಬಾಡಿಗೆಗೆ ಹಿಡಿದ ಒಂದು ದೋಣಿಯನ್ನು ನೀವೂ ಹತ್ತಬೇಕು. ಹತ್ತುವ ಮೊದಲು ಅಮ್ಮನ ರಾಹುಕಾಲದ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ. ಅದಿಲ್ಲದೆ ನಮ್ಮ ಮನೆಯಿಂದ ಯಾರೂ ಎಲ್ಲಿಗೂ ಹೊರಡುವ ಹಾಗೇ ಇಲ್ಲ.

ಅಪ್ಪ ಹೋದ ಮೇಲೆ ಅಮ್ಮ ಮೈಸೂರು ಬಿಟ್ಟು ನಮ್ಮ ಜೊತೆ ಇರಲು ಬಂದಳು. ಈಗ ಹನ್ನೊಂದು ವರ್ಷ. ಬರುವಾಗ ಎರಡು ಸೂಟ್‌ಕೇಸ್ ತಂದಳು, ಒಂದು ವಾರದ ರಾಹುಕಾಲ ತಂದಳು. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಭಾನುವಾರ ನಾಲ್ಕೂವರೆಯಿಂದ ಆರು, ಹೀಗೆ ಏಳೂ ದಿನದ್ದು ಬಾಯಿಪಾಠ. ಆ ಒಂದೂವರೆ ಗಂಟೆಯಲ್ಲಿ ಹೊಸ ಕೆಲಸ ಶುರು ಮಾಡಬಾರದು, ಮನೆಯಿಂದ ಹೊರಡಬಾರದು. ಮಗಳು ಇಂಚರಳ ಶಾಲೆ ಮಂಗಳವಾರವೂ ಮೂರೂವರೆಗೇ ಬಿಡುತ್ತಿತ್ತು; ರಾಹುವಿಗಾಗಿ ಶಾಲೆಯವರು ಗಂಟೆ ಬದಲಾಯಿಸಲಿಲ್ಲ. ಅಮ್ಮ ಅದಕ್ಕೊಂದು ಉಪಾಯ ಕಂಡುಹಿಡಿದಳು. ಎರಡೂ ಐವತ್ತೈದಕ್ಕೆ ನನ್ನ ಹ್ಯಾಂಡ್‌ಬ್ಯಾಗನ್ನು ಒಯ್ದು ಕಾರಿನ ಸೀಟಿನ ಮೇಲೆ ಇಟ್ಟುಬರುವುದು. ಬ್ಯಾಗು ಹೊರಟಿತೆಂದರೆ ನಾನೂ ಹೊರಟಂತೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಒಮ್ಮೆ ಆ ಬ್ಯಾಗಿನೊಳಗೆ ಫೋನ್ ಇತ್ತು, ಫೋನಿನಲ್ಲಿ ನಾನು ಸೇರಬೇಕಾಗಿದ್ದ ಮೀಟಿಂಗ್ ಇತ್ತು. ಮ್ಯಾನೇಜರಿಗೆ ಏನು ಕಾರಣ ಹೇಳಿದೆನೆಂಬುದು ಇಲ್ಲಿ ಬೇಡ.

ನನ್ನ ಗಂಡ ರಘು ಇದನ್ನೆಲ್ಲ ಸಹಿಸಿಕೊಂಡ. ಅತ್ತೆಯೆಂದರೆ ಅವನಿಗೆ ಪ್ರೀತಿ. ನಾನೂ ಸಹಿಸಿಕೊಂಡೆ, ಆದರೆ ಹಲ್ಲು ಕಚ್ಚಿಕೊಂಡು. ಅಮ್ಮ ಗಡಿಯಾರ ನೋಡಿದಾಗಲೆಲ್ಲ ನನ್ನೊಳಗೆ ಏನೋ ಒಂದು ಗಟ್ಟಿಯಾಗುತ್ತಿತ್ತು. ಅದಕ್ಕೆ ಕಾರಣವಿತ್ತು. ದೋಣಿ ನಡುನೀರಿಗೆ ಬಂದ ಮೇಲೆ ಹೇಳುತ್ತೇನೆ.

ಆ ವರ್ಷ ಅಮ್ಮನಿಗೆ ಎಪ್ಪತ್ತೈದು ತುಂಬಿತು. ತಿಥಿಯ ಹುಟ್ಟುಹಬ್ಬ ಹಿಂದಿನ ವಾರವೇ ಎಣ್ಣೆನೀರು, ಶಾವಿಗೆ ಪಾಯಸದೊಂದಿಗೆ ಮುಗಿದಿತ್ತು. ತಾರೀಖಿನ ಹುಟ್ಟುಹಬ್ಬ ಬಾಕಿಯಿತ್ತು, ಅದು ಅಳಿಯನ ಪಾಲು. ರಘುವಿನ ಆಫೀಸು ಕೆರೆದಂಡೆಯ ಸೌತ್ ಲೇಕ್ ಯೂನಿಯನ್ನಿನಲ್ಲಿ. ಬೇಸಗೆಯಲ್ಲಿ ಅವನ ಕಿಟಕಿಯ ಕೆಳಗೇ ಪುಟ್ಟ ಪುಟ್ಟ ಕರೆಂಟ್ ದೋಣಿಗಳು ಓಡಾಡುತ್ತವೆ, ಒಳಗೆ ಮೇಜು ಹಾಕಿಕೊಂಡು ಜನ ತಿನ್ನುತ್ತಾ ನಗುತ್ತಾ ಹೋಗುತ್ತಾರೆ. ಇವನು ಮೇಲಿಂದ ನೋಡಿ ನೋಡಿ ಬಾಯಲ್ಲಿ ನೀರೂರಿಸಿಕೊಂಡಿದ್ದ. ಹುಟ್ಟುಹಬ್ಬ ಅತ್ತೆಯದು, ಆಸೆ ಅಳಿಯನದು. ಜುಲೈ ತಿಂಗಳ ಒಂದು ಭಾನುವಾರಕ್ಕೆ ದೋಣಿ ಗೊತ್ತುಮಾಡಿ ಬಂದು, ಅತ್ತೆಯ ಮುಂದೆ ನಿಂತು ಸಮಯ ಹೇಳಿದ.

"ಭಾನುವಾರ ನಾಲ್ಕೂವರೆಗೇ?" ಎಂದಳು ಅಮ್ಮ. ಅಷ್ಟೇ. ಮುಖ ಚಿಕ್ಕದಾಯಿತು. "ಇರ್ಲಿ ಬಿಡಿ ರಘು, ನೀವೆಲ್ಲ ಹೋಗ್ಬನ್ನಿ. ನನಗೆ ನೀರಂದ್ರೆ ಅಷ್ಟಕ್ಕಷ್ಟೆ."

ರಘು ಅವತ್ತೇ ದೋಣಿಯವರಿಗೆ ಫೋನ್ ಮಾಡಿ ಏಳು ಗಂಟೆಗೆ ಬದಲಾಯಿಸಿದ. ಯಾಕೆಂದು ಅವರು ಕೇಳಿದರಂತೆ. ಇವನು ಗಂಟಲು ಸರಿಮಾಡಿಕೊಂಡು ಧಾರ್ಮಿಕ ಕಾರಣ ಎಂದನಂತೆ. ಆ ಕಡೆಯವನು ತಕ್ಷಣ ಗಂಭೀರನಾಗಿ, ನಮಗೆ ಎಲ್ಲ ಧರ್ಮಗಳ ಮೇಲೂ ಗೌರವವಿದೆ ಎಂದನಂತೆ. ರಾಹುವಿಗೆ ಅಮೆರಿಕದಲ್ಲಿ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲಿರಬೇಕು.

ಅಂತೂ ಭಾನುವಾರ ಏಳಕ್ಕೆ ನಾವು ನಾಲ್ವರು ದಡದಲ್ಲಿ ಹಾಜರಾದೆವು. ಎರಡು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ, ಕೋಡುಬಳೆ, ಮೊಟ್ಟೆ ಹಾಕದ ಕೇಕು, ಮಡಚುವ ಕೊಡೆ, ಅಮ್ಮನಿಗೆ ಸ್ವೆಟರು, ಸ್ವೆಟರಿನ ಮೇಲೆ ಶಾಲು. ನಮ್ಮ ಸಾಮಾನು ನೋಡಿ ದೋಣಿಯ ಹುಡುಗಿ, ಸವಾರಿ ಎರಡೇ ಗಂಟೆ ಎಂದು ನೆನಪಿಸಿದಳು. ಕಾರಿನ ಲೈಸೆನ್ಸಿಗೆ ಅಷ್ಟೆಲ್ಲ ಪರೀಕ್ಷೆ ಮಾಡುವ ಈ ದೇಶ, ಹತ್ತು ಜನ ಹಿಡಿಸುವ ದೋಣಿಯನ್ನು ಹತ್ತು ನಿಮಿಷದ ಪಾಠಕ್ಕೆ ಕೈಗೆ ಕೊಟ್ಟುಬಿಡುತ್ತದೆ. ಬಲಗಡೆಯೇ ಹೋಗಿ, ಗುರುತಿಗೆ ಬಿಟ್ಟ ಹಳದಿ ಬುರುಡೆ ತೇಲುವ ಕಡೆ ಹೋಗಬೇಡಿ, ಅಲ್ಲಿ ನೀರಿನ ಮೇಲೇ ವಿಮಾನ ಇಳಿಯುತ್ತದೆ. ಪಾಠ ಮುಗಿಯಿತು. ರಘು ಟೋಪಿ ಹಾಕಿಕೊಂಡು ಕ್ಯಾಪ್ಟನ್ ಆದ. ಕಾಂಜೀವರಂ ಸೀರೆಯ ಮೇಲೆ ಅಮ್ಮ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಬಕ್ಕಲ್ ಬಿಗಿದುಕೊಂಡಳು. ದೊಡ್ಡವರಿಗೆ ಕಡ್ಡಾಯವಿಲ್ಲ ಎಂದರೂ ಕೇಳಲಿಲ್ಲ. "ಕೊಟ್ಟಿದಾರಲ್ಲ, ಹಾಕ್ಕೊಂಡ್ರೆ ಗಂಟೇನು ಹೋಗುತ್ತೆ?"

ದೋಣಿ ದಡ ಬಿಟ್ಟಾಗ ಏಳು ಹತ್ತು. ಅಬ್ಬ, ಅದರ ವೇಗ! ಬಾತುಕೋಳಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಚಕ್ರ ತಿರುಗಿಸಿದರೆ ದೋಣಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ತಿರುಗುತ್ತಿತ್ತು. ಅಷ್ಟರಲ್ಲಿ ರಘು ಇನ್ನೊಂದು ಕಡೆ ತಿರುಗಿಸಿರುತ್ತಿದ್ದ. ನೀರಿನ ಮೇಲೇ ಕಟ್ಟಿಕೊಂಡ ಮನೆಗಳ ಸಾಲು ಬಂತು. ಅವುಗಳ ಜಗುಲಿಯಲ್ಲಿ ಕೂತವರು ಅಮ್ಮನತ್ತ ಕೈ ಬೀಸಿದರು, ಅಮ್ಮ ಎಲ್ಲರಿಗೂ ಕೈಮುಗಿದಳು. "ಏನೇ ಇವರು, ಅಂಗಳ ಗುಡಿಸೋ ಹಾಗೇ ಇಲ್ಲ!" ಎಂದು ಅವರ ಪುಣ್ಯಕ್ಕೆ ಬೆರಗಾದಳು. ಅಷ್ಟು ಖುಷಿಯಾಗಿ ಅವಳನ್ನು ಕಂಡು ಬಹಳ ವರ್ಷವಾಗಿತ್ತು. ನನಗೂ ಖುಷಿಯಾಯಿತು. ಆದರೂ ಅದನ್ನು ಸ್ವಲ್ಪ ದೂರ ಕೂತು ನೋಡಿದೆ, ಪಕ್ಕದ ಮನೆಯ ಅಜ್ಜಿಯನ್ನು ನೋಡುವ ಹಾಗೆ. ಅದು ಆಗಿನ ನನ್ನ ರೂಢಿ.

ಕೆರೆ ದಾಟಿ ಫ್ರೀಮಾಂಟ್ ಸೇತುವೆಯ ಕೆಳಗೆ ನುಸುಳಿದರೆ ಕಾಲುವೆ. ಎರಡೂ ದಡ ಹತ್ತಿರ, ಮರಗಳ ಸಾಲು, ದಡದ ಮೇಲೆ ಓಡುವವರು, ಸೈಕಲ್ಲಿನವರು. ಕೇಕು ಕತ್ತರಿಸಲು ರಘು ಎದ್ದ. ಚಕ್ರ ನನ್ನ ಕೈಗೆ ಬಂತು. ಅದು ದೋಣಿಯ ಮುಂಭಾಗದಲ್ಲಿ, ಆದ್ದರಿಂದ ಮೂವರಿಗೂ ನನ್ನ ಬೆನ್ನು. ದೋಣಿಯಲ್ಲಿ ಬೆಂಕಿ ಹಚ್ಚುವಂತಿಲ್ಲವೆಂದು ಇಂಚರ ಬ್ಯಾಟರಿಯ ಮೇಣದಬತ್ತಿ ತಂದಿದ್ದಳು. ಊದಿದರೆ ಆರದು. ಹುಟ್ಟಿದ ದಿನ ದೀಪ ಆರಿಸಬಾರದೆನ್ನುವ ಅಮ್ಮನಿಗೆ ಇದು ಬಹಳ ಹಿಡಿಸಿತು.

"ಗಂಟೆ ಎಷ್ಟೇ ಇಂಚು?"

"ಸೆವೆನ್ ಫಾರ್ಟಿಫೈವ್, ಅಜ್ಜಿ."

"ಏಳು ಮುಕ್ಕಾಲಿಗೆ ಇದೇನೇ ಬಿಸಿಲು! ಮೈಸೂರಲ್ಲಾಗಿದ್ರೆ ದೀಪ ಹಚ್ಚಿ ಎಷ್ಟೊತ್ತಾಗಿರೋದು."

ಇಂಚರಳಿಗೆ ಆಗ ಹದಿನೈದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿಯ ದೆಸೆಯಿಂದ ನಾಲ್ಕೂವರೆ ಏಳಾಯಿತೆಂದು ಅವಳಿಗೆ ಗೊತ್ತಿತ್ತು. ಅಷ್ಟಕ್ಕೂ ಈ ರಾಹುಕಾಲವನ್ನು ಯಾರು ಗೊತ್ತುಮಾಡುತ್ತಾರೆ ಎಂದು ಕೇಳಿದಳು.

"ಯಾರು ಏನು ಗೊತ್ತುಮಾಡೋದು? ಹಗಲನ್ನ ಎಂಟು ಭಾಗ ಮಾಡು. ಒಂದೊಂದು ವಾರ ಒಂದೊಂದು ಭಾಗ ರಾಹುವಿಂದು. ಭಾನುವಾರ ಕೊನೇದು."

"ಹಗಲು ಮೀನ್ಸ್, ಸನ್‌ರೈಸ್ ಟು ಸನ್‌ಸೆಟ್?"

"ಮತ್ತಿನ್ನೇನು?"

ಫೋನಿನ ಮೇಲೆ ಇಂಚರಳ ಬೆರಳು ಓಡುತ್ತಿದ್ದಿರಬೇಕು.

"ಅಜ್ಜೀ, ವೇಟ್. ಇಲ್ಲಿ ಸನ್‌ಸೆಟ್ ನೈನ್ ಓ ಫೈವ್. ದೆನ್ ಲಾಸ್ಟ್ ಪಾರ್ಟ್ ಇಸ್ ಸೆವೆನ್ ಓ ಸೆವೆನ್ ಟು ನೈನ್ ಓ ಫೈವ್." ಆಮೇಲೆ ನಗು ತಡೆಯಲಾರದೆ, "ಓ ಮೈ ಗಾಡ್, ಅಜ್ಜಿ. ಇಟ್ಸ್ ರೈಟ್ ನೌ!"

"ಇಂಚೂ, ಸುಮ್ನಿರೇ," ಎಂದ ರಘು.

ನೋಡಿ, ಸುಳ್ಳು ಹೇಳುವುದಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ನಾಲ್ಕೂವರೆಗೆ ಹೊರಟಿದ್ದರೆ ನಿಶ್ಚಿಂತೆಯಾಗಿ ವಿಹಾರ ಮುಗಿಸಿ ಮನೆಯಲ್ಲಿರುತ್ತಿದ್ದೆವು. ಮೈಸೂರಿನ ಗಂಟೆ ಹಿಡಿದುಕೊಂಡು ರಾಹುವಿನಿಂದ ತಪ್ಪಿಸಿಕೊಳ್ಳಲು ಹೋಗಿ, ಅವನ ತೊಡೆಯ ಮೇಲೇ ಬಂದು ಕೂತಿದ್ದೆವು, ಕೇಕು ಸಮೇತ. ಅಮ್ಮನ ಕೂಗಾಟಕ್ಕೆ ನಾನು ಕಾದೆ.

ಅಮ್ಮ ಕೂಗಲಿಲ್ಲ.

"ಹಂಗಾದ್ರೆ ಊರಲ್ಲೂ ದಿನಾ ಒಂದೇ ಹೊತ್ತಿಗೆ ಬರಲ್ವೇನೇ ಅದು?"

"ನೋ ಅಜ್ಜಿ. ಎವ್ರಿ ಡೇ ಸ್ವಲ್ಪ ಬೇರೆ."

"ಹಳೇ ದಿನದ್ದೂ ಹೇಳುತ್ತಾ ನಿನ್ ಫೋನು?" ಎಂದು ಅಮ್ಮ ಒಂದು ತಾರೀಖು ಹೇಳಿದಳು. "ಮೈಸೂರಿಂದು ನೋಡು. ಡಿಸೆಂಬರು, ಸೋಮವಾರ."

ಅಪ್ಪ ಹೋದ ದಿನ ಅದು. ಈಗ ಆ ಕಾರಣ ಹೇಳುತ್ತೇನೆ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಮ್ಮನ ರಾಹುಕಾಲವನ್ನು ಆಡಿಕೊಳ್ಳುವುದು ಅವರ ನಿತ್ಯದ ವ್ಯಾಯಾಮ. "ಎಲ್ಲಿರ್ತಾನೆ ಹೇಳೇ ನಿನ್ ರಾಹು, ಅಡ್ರೆಸ್ ಕೊಡು, ಹೋಗಿ ಮಾತಾಡ್ಕೊಂಡ್ ಬರ್ತೀನಿ," ಎನ್ನುತ್ತಿದ್ದರು. ಬೇಕೆಂದೇ ಆ ಹೊತ್ತಿಗೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಆ ಸೋಮವಾರ ಬೆಳಿಗ್ಗೆ ಏಳೂವರೆ ಹೊತ್ತಿಗೆ ಅವರಿಗೆ ಎದೆ ಹಿಡಿದ ಹಾಗಾಯಿತು. ಮನೆಯಲ್ಲಿ ಇಬ್ಬರೇ. ಆಸ್ಪತ್ರೆಗೆ ಹೊರಟದ್ದು ಒಂಬತ್ತಕ್ಕೆ. ಇನ್ನೊಂದು ಗಂಟೆ ಮುಂಚೆ ಬಂದಿದ್ದರೆ ಎಂದು ಡಾಕ್ಟರು ಮಾತು ಅಲ್ಲಿಗೇ ನಿಲ್ಲಿಸಿದರಂತೆ. ಪಕ್ಕದ ಮನೆಯವರು ನನಗೆ ಫೋನಿನಲ್ಲಿ, "ರಾಹುಕಾಲ ಮುಗೀಲಿ ಅಂತ ಕಾದ್ರಂತಮ್ಮ" ಎಂದರು. ನನಗೆ ಅಷ್ಟು ಸಾಕಾಯಿತು. ಅಮ್ಮ ಕಾಯಿಸಿದಳು, ಅಪ್ಪ ಹೋದರು. ಈ ಲೆಕ್ಕವನ್ನು ನಾನು ಯಾರಿಗೂ ತೋರಿಸಲಿಲ್ಲ, ಅಮ್ಮನನ್ನು ಒಂದು ಮಾತೂ ಕೇಳಲಿಲ್ಲ. ಕರೆದುಕೊಂಡು ಬಂದೆ, ಬಿಸಿನೀರು ಬಿಸಿಯೂಟ ನೋಡಿಕೊಂಡೆ, ಮಾತ್ರೆ ಎಣಿಸಿಟ್ಟೆ. ಒಳಗೆ ಮಾತ್ರ ಕ್ಷಮಿಸಿರಲಿಲ್ಲ.

ಇಂಚರಳಿಗೆ ತಾತ ಹೋದ ತಾರೀಖು ಗೊತ್ತಿರಲಿಲ್ಲ. ಹುಡುಕಬೇಡ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

"ಮೈಸೂರ್... ಏಯ್ಟ್ ಟು ನೈನ್ ಟ್ವೆಂಟಿಫೈವ್, ಅಜ್ಜಿ."

"ಎಂಟಕ್ಕೇ ಶುರು?"

"ಯಾ."

"ಏಳೂವರೆಗೆ ಇರ್ಲಿಲ್ಲ?"

"ನೋ."

ನೀರಿನ ಸದ್ದು, ಮೋಟಾರಿನ ಸಣ್ಣ ಗುಂಯ್. ಆಮೇಲೆ ಅಮ್ಮ ಮಾತಾಡಿದಳು. ಯಾರಿಗೆ ಹೇಳುತ್ತಿದ್ದಾಳೆಂದು ನನಗೆ ಕಾಣುತ್ತಿರಲಿಲ್ಲ.

"ಹೊರಡೋಣ ಬನ್ನಿ, ಆಟೋ ಕರೀತೀನಿ ಅಂದೆ. ನಾನೇ ಅಂದೆ. ಅವರೇ 'ಇವತ್ತು ಸೋಮವಾರ ಅಲ್ವೇನೇ, ರಾಹುಕಾಲ ಮುಗೀಲಿ ತಡಿ' ಅಂದ್ರು. ನಲವತ್ತೈದು ವರ್ಷದಲ್ಲಿ ಒಂದು ದಿನ ನನ್ ರಾಹುಕಾಲಾನ ನಂಬಿದವರಲ್ಲ. ಅವತ್ತು ಅವರ ಬಾಯಲ್ಲೇ ಬಂತು. ನನಗೆ ಸಂತೋಷ ಆಗೋಯ್ತು. ಕೊನೆಗೂ ನನ್ ಮಾತು ಕೇಳಿದ್ರಲ್ಲ ಅಂತ. ಆ ಸಂತೋಷದಲ್ಲಿ ಪಕ್ಕದಲ್ಲೇ ಕೂತ್ಕೊಂಡೆ."

ನನ್ನ ಕೈಯಲ್ಲಿ ಚಕ್ರವಿದೆ ಎಂಬುದೇ ನನಗೆ ಮರೆತುಹೋಗಿತ್ತು. ದೋಣಿ ಯಾವಾಗಲೋ ಎಡಕ್ಕೆ ವಾಲಿ ಕಾಲುವೆಯ ಆ ಬದಿಗೆ ಹೋಗಿತ್ತು. ಎದುರಿನಿಂದ ಉದ್ದನೆಯ ತೆಳ್ಳನೆಯ ದೋಣಿಯಲ್ಲಿ ಎಂಟು ಜನ ಹುಟ್ಟು ಹಾಕುತ್ತಾ ನಮ್ಮ ಮೇಲೇ ಬರುತ್ತಿದ್ದರು, ಅವರ ಪಕ್ಕ ಇನ್ನೊಂದು ದೋಣಿಯಲ್ಲಿದ್ದ ಕೋಚು ಮೈಕಿನಲ್ಲಿ ಬಲಕ್ಕೆ ಹೋಗಿ, ಬಲಕ್ಕೆ ಎಂದು ಅರಚುತ್ತಿದ್ದ. ರಘು ಹಾರಿ ಬಂದು ಚಕ್ರ ಹಿಡಿದ. ನಮ್ಮ ದೋಣಿ ಎಂದಿನಂತೆ ಸ್ವಲ್ಪ ಯೋಚಿಸಿತು. ಒಂದು ಮೊಳದ ಅಂತರದಲ್ಲಿ ಆ ಎಂಟು ಹುಟ್ಟುಗಳು ನಮ್ಮನ್ನು ದಾಟಿಹೋದವು. ಕೇಕು ಜಾರಿ ಅಮ್ಮನ ಲೈಫ್ ಜಾಕೆಟ್ಟಿಗೆ ಮೆತ್ತಿಕೊಂಡಿತು.

ನಾನು ಹಿಂದೆ ಹೋಗಿ ಅಮ್ಮನ ಎದುರು ಕೂತೆ. ಒಂಬತ್ತು ವರ್ಷದ ಸಿಟ್ಟು ನನ್ನದು. ಒಂದು ಪ್ರಶ್ನೆ ಕೇಳಿದ್ದರೆ ಒಂಬತ್ತು ದಿನವೂ ಇರುತ್ತಿರಲಿಲ್ಲ. ಅದನ್ನು ಹೇಳಬೇಕು, ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ನಮ್ಮ ಪೈಕಿಯಲ್ಲಿ ಅಂಥದ್ದೆಲ್ಲ ಬಾಯಲ್ಲಿ ಬರುತ್ತದೆಯೇ?

"ಚಿತ್ರಾನ್ನ ಹಾಕ್ಲೇನಮ್ಮ?" ಎಂದೆ.

"ಹಾಕು, ಸ್ವಲ್ಪ," ಎಂದಳು ಅಮ್ಮ. ತುತ್ತು ಬಾಯಿಗಿಟ್ಟು, "ಉಪ್ಪು ಒಂದು ಕಲ್ಲು ಮುಂದಾಗಿದೆ," ಎಂದಳು.

ಇಂಚರ ಮಾತ್ರ ಎಲ್ಲ ಅರ್ಥವಾದವಳಂತೆ ಎದ್ದು ಬಂದು ಅಜ್ಜಿಯ ತೋಳಿಗೆ ಒರಗಿ ಕೂತಳು. ಸಾರಿ ಅಜ್ಜಿ ಎಂದಳು. "ನೀನ್ಯಾಕೆ ಪುಟ್ಟಾ," ಎಂದು ಅಮ್ಮ ಅವಳ ತಲೆ ಸವರಿದಳು. ರಾಹುಕಾಲ ಮುಗಿಯುವ ಮೊದಲೇ ನಾವು ದೋಣಿ ತಿರುಗಿಸಿ ದಡ ಸೇರಿದೆವು.

ಅಮ್ಮ ಅಂದಿನಿಂದ ರಾಹುಕಾಲ ಬಿಟ್ಟಳು ಎಂದು ನೀವು ಅಂದುಕೊಂಡರೆ ಅಮ್ಮ ನಿಮಗೆ ಗೊತ್ತೇ ಇಲ್ಲ ಎಂದಾಯಿತು. ಮಾರನೆಯ ದಿನವೇ ಇಂಚರ ನೋಡಿದ ರಾಹುಕಾಲದ ಆ್ಯಪನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ಈಗ ಮೈಸೂರಿನ ಗಂಟೆ ಹೋಗಿ ಇಲ್ಲಿಯ ನಿಮಿಷ ಬಂದಿದೆ. ಬೇಸಗೆಯಲ್ಲಿ ಎರಡು ಗಂಟೆ, ಚಳಿಗಾಲದಲ್ಲಿ ಒಂದೇ. ಮೊದಲು ಬಾಯಿಪಾಠದ ಕಾಟ ಇತ್ತು, ಈಗ ನೋಟಿಫಿಕೇಶನ್ ಬರುತ್ತೆ ಎಂದು ರಘು ಗೊಣಗುತ್ತಾನೆ. ಬದಲಾದದ್ದು ನಾನು. ಹ್ಯಾಂಡ್‌ಬ್ಯಾಗನ್ನು ನಾನೇ ಒಯ್ದು ಕಾರಿನಲ್ಲಿಟ್ಟು ಬರುತ್ತೇನೆ. ಅಪ್ಪನ ಮಾತು ಬಂದರೆ ಎದ್ದು ಹೋಗುವುದಿಲ್ಲ, ಕೂತು ಕೇಳುತ್ತೇನೆ.

ಕೂತು ಕೇಳಿದ್ದರೂ ಒಂದು ವಿಷಯ ನನಗೆ ಇವತ್ತಿನವರೆಗೆ ತಿಳಿದಿರಲಿಲ್ಲ. ರಾಹುವನ್ನು ಹುಲ್ಲಿಗೆ ಸಮ ಎನ್ನುತ್ತಿದ್ದ ಮೇಷ್ಟ್ರು ಆ ಒಂದು ದಿನ ಮಾತ್ರ ಯಾಕೆ ರಾಹುವಿನ ಹೆಸರು ಹೇಳಿದರು? ಬೆಳಿಗ್ಗೆ ಫೋನ್ ಇಟ್ಟು ನಗುತ್ತಾ ಆಡಿದೆನಲ್ಲ, ಅದು ನನ್ನ ಮಾತಲ್ಲ, ಅಪ್ಪನದೇ. ನನಗೆ ರಿಲೀಸೂ ಇರಲಿಲ್ಲ, ಕಾರೂ ಕೆಟ್ಟಿರಲಿಲ್ಲ. ನನಗೆ ಹೆದರಿಕೆ. ಮೂರು ವಾರದಿಂದ ರಾತ್ರಿ ನಿದ್ದೆಯಿಲ್ಲದಷ್ಟು ಹೆದರಿಕೆ. ಹೋಗದೆ ಇದ್ದರೆ ಅವರು ಏನನ್ನೂ ಹೇಳಲಾರರಲ್ಲ ಎಂಬ ಹುಂಬ ಧೈರ್ಯ.

ಎದ್ದು ಅಮ್ಮನ ರೂಮಿನ ಬಾಗಿಲು ತಳ್ಳಿದೆ. ಮಂಚದ ಅಂಚಿನಲ್ಲಿ ಕೂತಿದ್ದಳು.

"ತಮಾಷೆಗೆ ಅಂದೆ ಕಣಮ್ಮ."

"ನಿಮ್ಮಪ್ಪನೂ ನಗ್‌ನಗ್ತಾನೇ ಅಂದಿದ್ದು," ಎಂದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು, "ಅವರಿಗೆ ಹೆದರಿಕೆ ಆಗಿದೆ ಅಂತ ನನಗೆ ಗೊತ್ತಾಗಿತ್ತು ಕಣೇ. ಕೈ ತಣ್ಣಗಿತ್ತು. ಗೊತ್ತಾದ್ರೂ ಗೊತ್ತಿಲ್ಲದವಳ ಹಾಗೆ ಕೂತೆ. ನಿನ್ ಹತ್ರ ಹಂಗೆ ಕೂತ್ಕೊಳಲ್ಲ. ಫೋನ್ ಮಾಡು."

ಅವಳ ಎದುರಿಗೇ ಮಾಡಿದೆ. ಸೋಮವಾರದ ಜಾಗ ಆಗಲೇ ಹೋಗಿತ್ತು. ನಾಳೆ ಬೆಳಿಗ್ಗೆ ಒಬ್ಬರು ಬರುತ್ತಿಲ್ಲ, ಹನ್ನೊಂದಕ್ಕೆ ಬರುತ್ತೀರಾ ಎಂದಳು ಆ ಹುಡುಗಿ. ನಾಳೆ ಶುಕ್ರವಾರ. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ತನ್ನ ಫೋನ್ ಮುಟ್ಟಲಿಲ್ಲ. ಎದ್ದು ಬೀರು ತೆಗೆದು, ನಾಳೆ ಉಡುವುದಕ್ಕೆ ಒಂದು ಸೀರೆ ತೆಗೆದಿಟ್ಟಳು.

"ಬರ್ತೀವಿ ಅನ್ನು," ಎಂದಳು.